ಸ್ಪರ್ಶಕ್ಕೆ ಸಿಕ್ಕದ ಶೂಲೆ

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ಬಗೆಗಳಿಂದ ಪರೀಕ್ಷಿಸಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಈ ಕ್ರಮದಲ್ಲಿ ಗೌರವವು ಸಹಜವಾದುದೇ. ಆದರೆ ಇವುಗಳಲ್ಲಿ ನಡುವಣದಾದ ಸ್ಪರ್ಶನವು ವೈದ್ಯನನ್ನು ವಂಚಿಸುವ ವ್ಯಾಧಿಯೊಂದುಂಟು. ಕರುಳಿಗೆ ಹರಿಯುವ ರಕ್ತವು ಹಠಾತ್ತಾಗಿ ನಿಂತುಹೋಗುವುದೇ ಆ ವ್ಯಾಧಿ. ರೋಗಿಯು ನೋವಿನಿಂದ ಹೊರಳಾಡುತ್ತಿರುವನು. ಹೊಟ್ಟೆಯನ್ನು ಮುಟ್ಟಿದರೆ ಮೊದಮೊದಲು ಹತ್ತಿಯಂತೆ ಮೆತ್ತಗಿರುವುದು. ಅದು ಗಟ್ಟಿಯಾಗುವ ಹೊತ್ತಿಗೆ ಕರುಳು ಸಾಯಲಾರಂಭಿಸಿರುತ್ತದೆ.

2022ನೆಯ ಇಸವಿಯ ಮಾರ್ಗಶಿರದಲ್ಲಿ ಇದು ನಮ್ಮ ಭಾವನವರಿಗೆ ಬಂದಿತು. ಅವರಿಗಾಗ 72 ವರ್ಷ. ಹೃದಯದ ಬಡಿತವು ಕ್ರಮ ತಪ್ಪಿದ್ದುದರಿಂದ ರಕ್ತವು ಹೆಪ್ಪುಗಟ್ಟದಿರಲೆಂದು ಕೊಟ್ಟಿದ್ದ ಮಾತ್ರೆಯನ್ನು, ಮೈ ಚೆನ್ನಾಗಿದೆಯೆಂಬ ಧೈರ್ಯದಿಂದ ತಾವೇ ನಿಲ್ಲಿಸಿಬಿಟ್ಟಿದ್ದರು. ದ್ವಾದಶಿಯ ಪಾರಣೆ ಮುಗಿದ ಕೆಲಹೊತ್ತಿಗೆ ನೋವು ಹುಟ್ಟಿತು. ಒಂದು ವಾಂತಿ, ಒಂದು ಭೇದಿ. ಉಪವಾಸದ ವಾಯುವೆಂದು ಅಕ್ಕ ಓಮದ ಕಷಾಯವನ್ನು ಕೊಟ್ಟಳು. ಸಮೀಪದ ಡಾಕ್ಟರು ಹೊಟ್ಟೆಯನ್ನು ಒತ್ತಿ ನೋಡಿ, “ಗ್ಯಾಸು, ಬೇರೇನೂ ಇಲ್ಲ” ಎಂದು ಇಂಜೆಕ್ಷನ್ ಚುಚ್ಚಿದರು. ಭಾವನವರು ಮಾತ್ರ ಗೋಡೆಗೆ ತಲೆಯಾನಿಸಿ, “ಒಳಗೆ ಯಾರೋ ಹಿಂಡುತ್ತಿದ್ದಾರೆ, ಮೇಷ್ಟ್ರೇ” ಎನ್ನುತ್ತಿದ್ದರು. ಅವರು ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮನೊಬ್ಬರು ನಾಡಿಯನ್ನು ಹಿಡಿದುಕೊಂಡೇ, “ತಾತಾ, ಹೃದಯದ ಮಾತ್ರೆ ಏನಾದರೂ ಇತ್ತೆ? ಯಾವಾಗ ನಿಲ್ಲಿಸಿದಿರಿ?” ಎಂದು ಕೇಳಿದರು. ಸ್ಪರ್ಶನವು ಸೋತಲ್ಲಿ ಪ್ರಶ್ನವು ಗೆದ್ದಿತು. ಒಡನೆಯೇ ಸಿ.ಟಿ. ಯಂತ್ರಕ್ಕೆ ಕಳುಹಿಸಿದರು. ಮೂತ್ರಪಿಂಡದ ರಕ್ತಪರೀಕ್ಷೆಯ ಫಲ ಬರುವವರೆಗೆ ಕಾಯಬೇಕೆ ಎಂದು ಸಿಬ್ಬಂದಿಯವರು ಕೇಳಲು, “ಕಾದರೆ ಕರುಳು ಹೋಗುತ್ತದೆ” ಎಂದರು.

ಇಲ್ಲಿ ರಕ್ತಮಾರ್ಗದ ವಿಷಯವನ್ನು ಕೊಂಚ ಹೇಳಬೇಕು. ಮಹಾಧಮನಿಯಿಂದ ಜೀರ್ಣಾಂಗಗಳ ಕಡೆಗೆ ಮೂರು ಕವಲುಗಳೊಡೆದಿವೆ. ನಡುವಣ ಕವಲು ಬಹುಮಟ್ಟಿಗೆ ಸಣ್ಣ ಕರುಳೆಲ್ಲಕ್ಕೂ, ದೊಡ್ಡ ಕರುಳಿನ ಮೊದಲರ್ಧಕ್ಕೂ ರಕ್ತವನ್ನೂಡುತ್ತದೆ. ಅದು ಓರೆಯಾಗಿ ಕೆಳಗಿಳಿಯುವುದರಿಂದ ಹೃದಯದಲ್ಲಿ ಹೆಪ್ಪುಗಟ್ಟಿ ಕಳಚಿದ ಗಡ್ಡೆಯು, ಕಾಲುವೆಯ ತೂಬಿಗೆ ಸಿಕ್ಕಿದ ಕಸದಂತೆ, ಅದರೊಳಕ್ಕೇ ಸುಲಭವಾಗಿ ಜಾರುವುದು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ತಲೆಯನ್ನು ನೋಡಿತು. 1979ರಲ್ಲಿ ಅವರಿಗೂ ಕಾರ್ಮ್ಯಾಕರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಅಂದು ಒಂದೊಂದು ಚಿತ್ರಕ್ಕೂ ನಿಮಿಷಗಳು ಬೇಕಾಗಿದ್ದುವು. ಇಂದು ಉಸಿರು ಬಿಗಿಹಿಡಿದಷ್ಟರಲ್ಲಿ ಇಡೀ ಹೊಟ್ಟೆಯ ಚಿತ್ರವು ಸಿದ್ಧ. ತೋಳಿನ ಸಿರೆಗೆ ಅಯೋಡಿನ್ ಬೆರೆತ ದ್ರವವನ್ನು ಹೊಗಿಸಿ, ಅದು ಧಮನಿಗಳಲ್ಲಿರುವಾಗ ಒಮ್ಮೆ, ಸಿರೆಗಳಿಗೆ ಬಂದಾಗ ಮತ್ತೊಮ್ಮೆ ಚಿತ್ರವನ್ನು ತೆಗೆಯುವರು. ತುಂಬಿದ ಧಮನಿಯು ಬೆಳ್ಳಗೆ ಹೊಳೆಯುವುದು. ಗಡ್ಡೆಯಿದ್ದಲ್ಲಿ ಆ ಬಿಳುಪು ತಟ್ಟನೆ ತುಂಡಾಗುವುದು. ರಕ್ತವುಂಡ ಕರುಳಿನ ಗೋಡೆಯು ಬೆಳಗುವುದು, ಉಣ್ಣದ್ದು ಮಂಕಾಗಿರುವುದು. ಗೋಡೆಯೊಳಗೆ ಗಾಳಿಯ ಗುಳ್ಳೆಗಳು ಕಂಡರೆ ಕಾಲವು ಮೀರುತ್ತಿದೆಯೆಂದೇ ಅರ್ಥ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಈ ವ್ಯಾಧಿಯುಳ್ಳ 100 ಜನರಲ್ಲಿ ಸುಮಾರು 93 ಮಂದಿಯಲ್ಲಿ ಈ ಚಿತ್ರವು ರೋಗವನ್ನು ಹಿಡಿದಿತ್ತು.

ಭಾವನವರ ಚಿತ್ರದಲ್ಲಿ ಆ ಬಿಳಿಯ ಗೆರೆ ಎಲ್ಲಿ ನಿಂತಿತೆಂಬುದನ್ನು ಡಾಕ್ಟರಮ್ಮ ನನಗೂ ಬೆರಳಿಟ್ಟು ತೋರಿಸಿದರು. ಆ ರಾತ್ರಿಯೇ ಗಡ್ಡೆಯನ್ನು ತೆಗೆದರು. ಎರಡು ಅಡಿಯಷ್ಟು ಕರುಳನ್ನೂ ಕತ್ತರಿಸಬೇಕಾಯಿತು. ಉಳಿದುದು ಬದುಕಿದೆಯೇ ಎಂದು ನೋಡಲು ಎರಡನೆಯ ದಿನ ಮತ್ತೆ ಹೊಟ್ಟೆಯನ್ನು ತೆರೆದರು. ತಡವಾಗಿ ತಿಳಿದುಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲವಂತೆ. ಇವರು ಉಳಿದರು. ಈಗ ಮಾತ್ರೆಯ ಡಬ್ಬಿಯು ಅಕ್ಕನ ವಶದಲ್ಲಿದೆ.

ಇದೇ ವ್ಯಾಧಿಗೆ ನಿಧಾನವಾದ ರೂಪವೂ ಉಂಟು. ಧಮನಿಗಳ ಬಾಯಿ ವರ್ಷಗಟ್ಟಲೆ ಕೊಬ್ಬು ಕಟ್ಟಿ ಕಿರಿದಾಗುವುದು. ಉಂಡ ಅರ್ಧ ಗಂಟೆಯ ಸುಮಾರಿಗೆ ನೋವೇಳುವುದರಿಂದ ರೋಗಿಯು ಊಟಕ್ಕೇ ಅಂಜಿ, ಮೈಯಿಳಿದು ಹೋಗುವನು. ಇದನ್ನೂ ಅದೇ ಯಂತ್ರವು ತೋರಿಸಬಲ್ಲುದು; ಕಿರಿದಾದೆಡೆ ಸಣ್ಣ ಜಾಲರಿಯ ಕೊಳವೆಯನ್ನಿಟ್ಟು ಮಾರ್ಗವನ್ನು ಅಗಲಿಸುವರು. ಆದರೆ ವೃದ್ಧರು ಎರಡು ತುತ್ತಿಗೆ ಕೈತೊಳೆದರೆ ಬಡಿಸುವವರು ಅಡಿಗೆ ರುಚಿಸಲಿಲ್ಲವೆಂದು ನೊಂದುಕೊಳ್ಳುವರು. ವೃದ್ಧರೂ ಅಗ್ನಿಮಾಂದ್ಯವೆಂದು ಸುಮ್ಮನಿರುವರು. ಆ ಮಾತು ವೈದ್ಯರ ಕಿವಿಗೆ ಬೀಳುವುದೇ ಇಲ್ಲ.