ಬೀಗದ ಕೋಣೆಯಲ್ಲಿ 60 ನಿಮಿಷ

ದುಡ್ಡು ಕೊಟ್ಟು ಹೆದರಿಕೊಳ್ಳುವ ಜಾಗಗಳೂ ಈಗ ಬಂದಿವೆ, ಮಕ್ಕಳೇ. ‘ಎಸ್ಕೇಪ್ ರೂಮ್’ ಎಂದು ಹೆಸರು. ಒಂದು ತಂಡವನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಬಚ್ಚಿಟ್ಟ ಸುಳಿವು ಹುಡುಕಿ, ಒಗಟು ಬಿಡಿಸಿ, ಒಂದೊಂದೇ ಬೀಗ ತೆಗೆದು ಸಾಮಾನ್ಯವಾಗಿ 60 ನಿಮಿಷದೊಳಗೆ ಹೊರಬರಬೇಕು. ಕಂಪ್ಯೂಟರಿನಲ್ಲಿದ್ದ ಇಂಥ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ನಿಜವಾದ ಕೋಣೆಗೆ ತಂದವರು ತಕಾವೊ ಕಾಟೊ. ಈಗ ಬೆಂಗಳೂರಿನಲ್ಲೂ ಹಲವು ಕಡೆ ಇವೆ. ಕೆಲವೆಡೆ ವೇಷ ಹಾಕಿದ ನಟರೂ ಇರುತ್ತಾರೆ.

ದಸರಾ ರಜೆಯಲ್ಲಿ ನಾವು ಐವರು ಅಂಥ ಒಂದು ಕಡೆ ಹೋದೆವು: ನಾನು, ಮಗಳು, ಅಳಿಯ, 13 ವರ್ಷದ ಮೊಮ್ಮಗ, 9 ವರ್ಷದ ಮೊಮ್ಮಗಳು. ಒಳಗೆ ಬಿಡುವ ಮೊದಲು ಅಲ್ಲಿನ ಹುಡುಗಿ ನಿಯಮ ಹೇಳಿದಳು: “ನಟರು ನಿಮ್ಮನ್ನು ಮುಟ್ಟುವುದಿಲ್ಲ, ನೀವೂ ಮುಟ್ಟಬಾರದು. ಸಾಕೆನಿಸಿದರೆ ಕ್ಯಾಮೆರಾ ಕಡೆ ಕೈ ಎತ್ತಿ.”

“ಬೆಂಕಿ ಬಿದ್ದರೆ?” ಎಂದು ಕೇಳಿದೆ. ಅವಳು ಬಾಗಿಲ ಪಕ್ಕದ ಹಸಿರು ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಇದು ಮುದುಕರ ಕಿರಿಕಿರಿಯಲ್ಲ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಊರಿನ ಇಂಥ ಕೋಣೆಯಲ್ಲಿ ಬೆಂಕಿ ಬಿದ್ದು, ಹೊರಬರಲಾಗದೆ ಐವರು ಹುಡುಗಿಯರು ತೀರಿಕೊಂಡರು.

ಒಳಗೆ ಹಳೇ ಬಂಗಲೆಯ ಸೆಟ್ಟು, ಮಂದ ಬೆಳಕು. ಮೊಮ್ಮಗ ಗೋಡೆಯ ಫೋಟೋದ ಹಿಂದೆ ಒಂದು ಸಂಖ್ಯೆ ಕಂಡುಹಿಡಿದ. ಅದರಿಂದ ಪೆಟ್ಟಿಗೆ ತೆರೆದರೆ ಎರಡು ಬೀಗದ ಕೈ! ಎರಡನ್ನೂ ಇಬ್ಬರು ಒಟ್ಟಿಗೇ ತಿರುಗಿಸಬೇಕು. ನನಗೆ ನಗು ಬಂತು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೂ ಇಬ್ಬರ ಬಳಿ ಎರಡು ಬೀಗದ ಕೈ. ಒಬ್ಬರೇ ತೆಗೆಯುವಂತಿಲ್ಲ.

ಆಗಲೇ ಬೀರು ಕಿರ್ರೆಂದು ತೆರೆದು, ತಲೆಗೂದಲು ಕೆದರಿದ ಬಿಳಿ ಸೀರೆಯ ಹೆಂಗಸು ಹೊರಬಂದಳು. ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಅಳಿಯ. ಮೊಮ್ಮಗಳು ಕಿರುಚಲಿಲ್ಲ. ಅವಳ ಅಂಗೈ ತಣ್ಣಗಾಗಿತ್ತು. “ಹೆದರುಪುಕ್ಲಿ” ಎಂದ ಅಣ್ಣ.

ನಾನು ಅವಳ ಕಿವಿಯಲ್ಲಿ ಹೇಳಿದೆ, “ಚಿಕ್ಕವನಿದ್ದಾಗ ನಾನೂ ಯಕ್ಷಗಾನದ ಬಣ್ಣದ ವೇಷ ಕಂಡರೆ ಅಮ್ಮನ ಸೆರಗಿನೊಳಗೆ ಸೇರುತ್ತಿದ್ದೆ. ಚೌಕಿಗೆ ಹೋಗಿ ನೋಡಿದರೆ ರಾಕ್ಷಸ ಚಾ ಕುಡಿಯುತ್ತಿದ್ದ! ಇವಳ ಕಾಲು ನೋಡು.”

ನೋಡಿದಳು. ಹವಾಯಿ ಚಪ್ಪಲಿ. “ಆದ್ರೂ ಸಾಕು ಅಜ್ಜ,” ಎಂದು ತಾನೇ ಕೈ ಎತ್ತಿದಳು. ದೀಪ ಹತ್ತಿತು, ಬಾಗಿಲು ತೆರೆಯಿತು. ನಾವಿಬ್ಬರೂ ಹೊರಗೆ ಬಂದೆವು.

ಹೊರಗಿನ ಪರದೆಯಲ್ಲಿ ಉಳಿದವರು ಪರದಾಡುವುದು ಕಾಣುತ್ತಿತ್ತು. ಅವರು ಹುಡುಕುತ್ತಿದ್ದ ಕೊನೆಯ ಸುಳಿವು ಗಡಿಯಾರದಲ್ಲಿದೆ ಎಂದು ಮೊದಲು ಕಂಡದ್ದು ಇವಳಿಗೇ. ಸಿಬ್ಬಂದಿ ಮೈಕು ಕೊಟ್ಟರು. “ಅಣ್ಣಾ, ಗಡಿಯಾರ ನೋಡು!” 57ನೇ ನಿಮಿಷಕ್ಕೆ ಎಲ್ಲರೂ ಹೊರಗೆ. ಅಣ್ಣ ಬಂದವನೇ ತಂಗಿಯ ಕೈಗೆ ಕೈ ತಟ್ಟಿದ.

ಅಜ್ಜ ಅಜ್ಜಿಯರೇ, ಹೋಗುವ ಮೊದಲು ಎಷ್ಟು ವಯಸ್ಸಿನವರಿಗೆ ಎಂದು ವಿಚಾರಿಸಿ, ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ನೋಡಿ. ಮಕ್ಕಳೇ, ಸಾಕೆನಿಸಿದಾಗ ಕೈ ಎತ್ತುವುದಕ್ಕೆ ನಾಚಿಕೆ ಬೇಡ. ಅದಕ್ಕೂ ಧೈರ್ಯ ಬೇಕು.