ಹೆಸರಿನ ಬದಲು ಒಂದು ಸಂಖ್ಯೆ

ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕರೆದ ಮೇಷ್ಟ್ರಿಗೆ ಈಗ ಹೆತ್ತ ಮಗಳ ಹೆಸರೇ ನೆನಪಿಗೆ ಬರುವುದಿಲ್ಲ. ಮರೆವಿನ ಕಾಯಿಲೆ ಇನ್ನೂ ಮೊಳಕೆಯಲ್ಲಿದ್ದಾಗ, ಬುದ್ಧಿ ಸ್ಥಿಮಿತದಲ್ಲಿದ್ದ ಒಂದು ಸಂಜೆ, ಅವರು ಮಗಳನ್ನು ಕರೆದು ಹೇಳಿದ್ದರು: "ನಾನು ಹೋದ ಮೇಲೆ ನನ್ನ ಮಿದುಳನ್ನ ಆಸ್ಪತ್ರೆಗೆ ಕೊಟ್ಟುಬಿಡಮ್ಮ. ಹೀಗ್ಯಾಕಾಯ್ತು ಅಂತ ಮುಂದೆ ಓದೋ ಮಕ್ಕಳಾದರೂ ತಿಳ್ಕೊಳ್ಳಲಿ."

ಮಗಳು ಅಂದು "ಆಗಲಿ ಅಪ್ಪ" ಎಂದರು. ಮನಸ್ಸು ಮಾತ್ರ ಒಪ್ಪಲಿಲ್ಲ. ತಂದೆಯ ಇಚ್ಛೆ ಏನೇ ಇರಲಿ, ಆ ಹೊತ್ತು ಬಂದಾಗ ಸಹಿ ಹಾಕಬೇಕಾದವರು ಅವರೇ.

ಮೊಮ್ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಅವಳ ವಿಷಯದಲ್ಲೂ ಮನೆಯಲ್ಲಿ ಜಗ್ಗಾಟ. ಅವಳು ಡಾಕ್ಟರಾಗಲಿ ಎಂಬುದು ತಾಯಿಯ ಆಸೆ; ಕಂಪ್ಯೂಟರ್ ಓದುತ್ತೇನೆಂಬುದು ಅವಳ ಹಟ. "ಆ ಪೆಟ್ಟಿಗೆ ಮುಂದೆ ಕೂತು ಯಾರ ಕಣ್ಣೀರು ಒರೆಸ್ತೀಯ?" ಎಂಬುದು ತಾಯಿಯ ಎಂದಿನ ಪ್ರಶ್ನೆ.

ಒಂದು ಶನಿವಾರ ಇಬ್ಬರೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಅಲ್ಲಿ ಸಾರ್ವಜನಿಕರೂ ನೋಡಬಹುದಾದ ಮಿದುಳಿನ ಸಂಗ್ರಹಾಲಯವಿದೆ. ಸಂಶೋಧನೆಗೆಂದೇ ಮಿದುಳುಗಳನ್ನು ಕಾಪಿಡುವ ಅಂಗಾಂಶ ಬ್ಯಾಂಕು ಆ ಸಂಸ್ಥೆಯಲ್ಲಿ ಆರಂಭವಾದದ್ದು 1995ರಲ್ಲಿ, ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ. ಸಂಗ್ರಹಾಲಯದ ಪಾರದರ್ಶಕ ಪೆಟ್ಟಿಗೆಗಳ ನಡುವೆ ತಾಯಿ ಮೌನವಾಗಿ ಸುತ್ತಿದರು. ಹೊರಗೆ ಬಂದು ಮರದ ನೆರಳಲ್ಲಿ ಕುಳಿತಾಗ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಎಲ್ಲೂ ಒಂದು ಹೆಸರಿಲ್ಲವಲ್ಲೇ. ಅಪ್ಪನೂ ಹೀಗೇ ಅನಾಥರಾಗಿಬಿಡ್ತಾರಾ?"

ಮಗಳು ತುಸು ಯೋಚಿಸಿ ಕೇಳಿದಳು: "ಅಮ್ಮ, ನನ್ನ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೆಸರಿರುತ್ತಾ?"

ಇರುವುದಿಲ್ಲ. ಇರುವುದು ಸಂಖ್ಯೆ. ಉತ್ತರ ಬರೆದವರು ಯಾರೆಂದು ತಿದ್ದುವವರಿಗೆ ತಿಳಿಯಬಾರದು. ಆದರೆ ಅಂಕ ಮಾತ್ರ ತಪ್ಪದೆ ಆ ಮಗುವಿಗೇ ಸೇರಬೇಕು. ಅಂಗಾಂಶ ಬ್ಯಾಂಕಿನ ಲೆಕ್ಕವೂ ಇದೇ ಜಾತಿಯದು. ದಾನಿಯ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ ಬರುತ್ತದೆ. ಹೆಸರನ್ನೂ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇರೆಡೆ, ಬೀಗದೊಳಗೆ, ಕೆಲವರ ಕೈಯಲ್ಲಿ ಮಾತ್ರ ಇರುತ್ತದೆ. ಸಂಶೋಧಕರಿಗೆ ದಾನಿಯ ವಯಸ್ಸು, ಕಾಯಿಲೆ, ತೆಗೆದುಕೊಂಡ ಔಷಧಿ ತಿಳಿಯುತ್ತದೆ. ಮನೆಯ ವಿಳಾಸ ತಿಳಿಯುವುದಿಲ್ಲ.

ಈ ಲೆಕ್ಕ ಕೇಳುವಷ್ಟು ಸುಲಭವಲ್ಲ. ಒಂದು ಮಿದುಳು ಒಂದೇ ತುಂಡಾಗಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ಭಾಗ ಫಾರ್ಮಲಿನ್ ದ್ರಾವಣಕ್ಕೆ, ಇನ್ನೊಂದು ಭಾಗ ಮೈನಸ್ 80 ಡಿಗ್ರಿಯ ಶೀತಕಕ್ಕೆ ಹೋಗುತ್ತದೆ. ಅದರಿಂದ ಹತ್ತಾರು ಚೂರುಗಳಾಗುತ್ತವೆ. ಬೆರಳುದ್ದದ ನಳಿಕೆಗಳನ್ನಿಡುವ ಒಂದು ಸಾಮಾನ್ಯ ಪೆಟ್ಟಿಗೆಯಲ್ಲೇ 81 ಗೂಡುಗಳಿರುತ್ತವೆ. ಯಾವ ಶೀತಕ, ಯಾವ ಅಂತಸ್ತು, ಯಾವ ಪೆಟ್ಟಿಗೆ, ಎಷ್ಟನೇ ಗೂಡು? ಸಾವಿನ ನಂತರ ಎಷ್ಟು ಗಂಟೆಗೆ ತೆಗೆದದ್ದು? ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದು? ಯಾರಿಗೆ, ಯಾವ ಅಧ್ಯಯನಕ್ಕೆ ಕೊಟ್ಟದ್ದು? ಮನೆಯವರು ಒಪ್ಪಿದ್ದು ಯಾವುದಕ್ಕೆ, ಯಾವುದಕ್ಕೆ ಬೇಡವೆಂದಿದ್ದರು? ಇಷ್ಟನ್ನೂ ಕಂಪ್ಯೂಟರು ನೆನಪಿಡಬೇಕು. ಯಾರಾದರೂ ಒಂದು ಅಕ್ಷರ ತಿದ್ದಿದರೆ, ತಿದ್ದಿದವರು ಯಾರು, ಯಾವಾಗ ಎಂಬುದೂ ಅಳಿಯದೆ ಉಳಿಯಬೇಕು. ಕೊಟ್ಟವರು ಮನಸ್ಸು ಬದಲಿಸಿ "ಬೇಡ" ಎಂದರೆ, ಉಳಿದಿರುವ ಪ್ರತಿಯೊಂದು ಚೂರನ್ನೂ ಹುಡುಕಿ ತೆಗೆಯುವಂತಿರಬೇಕು.

ಲೆಕ್ಕ ತಪ್ಪಿದರೇನಾಗುತ್ತದೆ? ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯಿಂದ ಜೀವಕೋಶಗಳನ್ನು ತೆಗೆದರು. ಸಂಶೋಧನೆಗೆ ಬಳಸಲು ಆಕೆಯ ಒಪ್ಪಿಗೆ ಕೇಳಲಿಲ್ಲ. ಹೆಸರಿನ ಮೊದಲಕ್ಷರಗಳನ್ನೇ ಜೋಡಿಸಿ ಆ ಕೋಶಗಳಿಗೆ 'ಹೀಲಾ' ಎಂದು ಹೆಸರಿಟ್ಟರು. ಅವು ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಹರಡಿದವು. 1966ರಲ್ಲಿ ಸ್ಟಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಬೇರೆ ಬೇರೆ ಅಂಗಗಳದ್ದೆಂದು ನಂಬಿದ್ದ ಹಲವು ಕೋಶಗಳನ್ನು ಪರೀಕ್ಷಿಸಿ, ಅವು ಹೀಲಾ ಕೋಶಗಳೇ ಎಂಬುದಕ್ಕೆ ಸಾಕ್ಷ್ಯ ಮುಂದಿಟ್ಟರು. ಬಾಟಲಿಯ ಮೇಲಿನ ಚೀಟಿ ಹೇಳಿದ್ದೊಂದು, ಒಳಗೆ ಬೆಳೆದದ್ದು ಇನ್ನೊಂದು! ಅವನ್ನು ನಂಬಿ ದುಡಿದವರ ಶ್ರಮವೆಲ್ಲ ಸಂಶಯಕ್ಕೆ ಒಳಗಾಯಿತು.

ಇನ್ನೊಂದು ಸಂಗತಿ 2012ರದು. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯ ಮಿದುಳು ಬ್ಯಾಂಕಿನಲ್ಲಿ ಒಂದು ಶೀತಕ ಕೆಟ್ಟಿತು. ಹೊರಗಿನ ಫಲಕ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿತ್ತು. ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಒಳಗೆ ಸುಮಾರು 150 ಮಿದುಳುಗಳು ಕರಗಿದ್ದವು. ಅವುಗಳಲ್ಲಿ ಮೂರನೇ ಒಂದು ಪಾಲು ಆಟಿಸಂ ಇದ್ದವರದು. ಎಷ್ಟೋ ಮನೆಗಳು ದುಃಖದ ನಡುವೆ ಕೊಟ್ಟ ಕಾಣಿಕೆ ಅದು. ಯಂತ್ರ ಇದ್ದರೆ ಸಾಲದು. ಯಂತ್ರ ಹೇಳಿದ್ದು ನಿಜವೇ ಎಂದು ನೋಡುವ ಕಣ್ಣೂ ಬೇಕು.

ಮಗಳು ಇಷ್ಟನ್ನೂ ಹೇಳಿ ಮುಗಿಸಿದಾಗ ತಾಯಿ ಕೇಳಿದರು: "ಈ ಲೆಕ್ಕ ಇಡೋರು ಡಾಕ್ಟರಾ?"

"ಡಾಕ್ಟರೂ ಇರ್ತಾರೆ. ನಾನು ಓದಬೇಕು ಅಂತಿದೀನಲ್ಲ, ಅದನ್ನ ಓದಿದವರೂ ಇರ್ತಾರೆ."

ತಾಯಿ ಅದಕ್ಕೆ ಏನೂ ಹೇಳಲಿಲ್ಲ.

ಸಹಿಯ ವಿಚಾರ ಅಂದು ತೀರ್ಮಾನವಾಗಲಿಲ್ಲ. ಅಂಥ ನಿರ್ಧಾರ ಒಂದು ಶನಿವಾರದಲ್ಲಿ ಆಗುವಂಥದ್ದೂ ಅಲ್ಲ. ಆದರೆ ರಾತ್ರಿ ಊಟವಾದ ಮೇಲೆ ತಾಯಿ ಕಪಾಟಿನಿಂದ ಹಳೆಯ ಔಷಧಿ ಚೀಟಿಗಳ ಕಟ್ಟನ್ನು ಇಳಿಸಿದರು. ಕಾಯಿಲೆಯ ಕಥೆ ಜೊತೆಗಿಲ್ಲದ ಮಿದುಳು ಸಂಶೋಧಕನಿಗೆ ಅರ್ಧ ಮೂಕ ಎಂದು ಮಗಳು ಹೇಳಿದ್ದು ಅವರ ಮನಸ್ಸಿನಲ್ಲಿತ್ತು. ಅಪ್ಪ ಮೊದಲ ಸಲ ಮನೆಯ ದಾರಿ ತಪ್ಪಿದ್ದು ಯಾವ ದಸರೆಯಲ್ಲಿ? ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಹುಡುಕಿದ್ದು ಅದಕ್ಕೂ ಮುಂಚೆಯೋ, ಆಮೇಲೋ? ತಾಯಿ ಒಂದೊಂದೇ ನೆನಪಿಸಿಕೊಂಡು ಹೇಳಿದರು; ಮಗಳು ತಾರೀಖು ಹಾಕಿ ಬರೆದುಕೊಂಡಳು.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಮೇಷ್ಟ್ರು ಆ ಪುಸ್ತಕವನ್ನೇ ನೋಡುತ್ತಿದ್ದರು. "ಹಾಜರಿ ಬರೀತಿದೀಯಾ? ಯಾರನ್ನೂ ಬಿಡಬೇಡ" ಎಂದರು.