ಎರೆ

ಗಾಳ ಹಾಕಿಕೊಂಡು ಕೂತವನನ್ನು ಕಂಡರೆ ನಮ್ಮ ಕಡೆ ಯಾರಿಗೂ ಗೌರವವಿಲ್ಲ. ಹೊಲದ ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಅದು ಎಂದೇ ಎಲ್ಲರ ನಂಬಿಕೆ. ನಮ್ಮವ್ವನೂ ಹಾಗೇ ತಿಳಿದಿದ್ದಳು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಗಾಳ ಹಿಡಿದಿರುವ ನಾನು ಆ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಒಂದು ತಿದ್ದುಪಡಿ ಸೂಚಿಸಬಲ್ಲೆ. ಗಾಳ ಹಾಕಿ ಕೂರುವುದು ಸೋಮಾರಿಯ ಕೆಲಸ ಇರಬಹುದು. ಎರೆ ಆರಿಸುವುದು ಖಂಡಿತ ಸೋಮಾರಿಯ ಕೆಲಸವಲ್ಲ.

ಎರೆ ಎಂದರೆ ಗಾಳದ ಕೊಕ್ಕೆಗೆ ಸಿಕ್ಕಿಸುವ ತಿನಿಸು. ಎರೆ ಅಂದಕೂಡಲೇ ಜನ ಎರೆಹುಳು ಎಂದುಕೊಳ್ಳುತ್ತಾರೆ. ನಾನೂ ಹುಡುಗನಾಗಿದ್ದಾಗ ಹಾಗೇ ಅಂದುಕೊಂಡಿದ್ದೆ. ತಿಪ್ಪೆಯ ಪಕ್ಕದ ತೇವದ ಮಣ್ಣು ಕೆದಕಿ, ತೆಂಗಿನ ಚಿಪ್ಪಿನ ತುಂಬ ಹುಳು ತುಂಬಿಕೊಂಡು ಹೋದರೆ ಕೆರೆಯ ಮೀನೆಲ್ಲ ನನ್ನದೇ ಎಂಬ ಭ್ರಮೆ. ಆ ಭ್ರಮೆ ಬಿಡಿಸಿದವನು ನನ್ನ ಸೋದರಮಾವ.

ಮಾವನ ಊರೂ ನಮ್ಮ ಊರೂ ಒಂದೇ, ಮಳವಳ್ಳಿ ತಾಲ್ಲೂಕಿನ ಹಲಗೂರು. ಮೀನಿನ ಹುಚ್ಚಿದ್ದವನಿಗೆ ಅದಕ್ಕಿಂತ ಒಳ್ಳೆಯ ಊರು ಸಿಗದು. ಮಳವಳ್ಳಿಯ ದಿಕ್ಕಿಗೆ ಹೊರಟರೆ ಶಿಂಷಾ ಹೊಳೆ. ಇನ್ನೊಂದು ದಿಕ್ಕಿಗೆ ಕಾಡಿನ ದಾರಿ ಹಿಡಿದರೆ ಮುತ್ತತ್ತಿ, ಅಲ್ಲಿ ಕಾವೇರಿ. ನಡುವೆ ಕೆರೆ ಕಟ್ಟೆಗಳು. ಮಾವ ಸಾಗುವಳಿದಾರ. ಓದು ಬರಹ ಅಷ್ಟಕ್ಕಷ್ಟೆ. ಬಿದಿರಿನ ಕೋಲು, ದಾರ, ಜೋಳದ ದಂಟಿನ ಬೆಂಡು, ನಾಲ್ಕಾರು ಕೊಕ್ಕೆ, ಇಷ್ಟೇ ಅವನ ಆಸ್ತಿ. ಒಂದು ದಿನ ನಾನು ಹುಳು ಸಿಕ್ಕಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬರಿಗೈಲಿ ಕೂತಿದ್ದಾಗ ಅವನು ಅಂದ: 'ನಿಂಗೇನ್ ಬೇಕು ಅನ್ನೋದು ಬುಟ್ಟಾಕು ಕಣ್ಲಾ. ಅದ್ಕೇನ್ ಬೇಕು ಅಂತ ಮೊದ್ಲು ಕೇಳು.'

ಆಮೇಲೆ ಅವನು ಒಂದೊಂದೇ ಹೇಳಿಕೊಟ್ಟ. ಗೆಂಡೆಗೆ ಹಿಟ್ಟಿನುಂಡೆ ಸಾಕು, ಅದು ತಳದಲ್ಲಿ ಮೂತಿಯಿಟ್ಟು ನಿಧಾನ ಮೇಯುವ ಮೀನು. ಬೆಂಡು ಅಲುಗಿದ ಕೂಡಲೇ ಎಳೆದರೆ ಬಾಯಿಂದ ಜಾರುತ್ತದೆ. ಬಾಳೆಮೀನಿಗೆ ಹಿಟ್ಟು ತೋರಿಸಿದರೆ ಅವಮಾನ, ಅದಕ್ಕೆ ಸಣ್ಣ ಮೀನೇ ಆಗಬೇಕು. ಕೊರವನಿಗೆ ಕಪ್ಪೆಮರಿ, ಅದೂ ನೀರ ಮೇಲೆ, ಜೊಂಡಿನ ಅಂಚಿನಲ್ಲಿ ಕುಣಿಯಬೇಕು. ಕೊರವ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವ ಮೀನು, ಹಾಗಾಗಿ ಅದರ ಮನೆ ಎಲ್ಲಿ ಎಂದು ನೀರೇ ಹೇಳುತ್ತದೆ. ಆದರೆ ಕೊರವನ ವಿಷಯದಲ್ಲಿ ಮಾವನದೊಂದು ಕಟ್ಟುನಿಟ್ಟಿತ್ತು. ಕೆಂಪಗಿನ ಮರಿಗಳ ಗುಂಪು ನೀರ ಮೇಲೆ ಪುಳಪುಳ ಅನ್ನುತ್ತಿದ್ದರೆ ಅಲ್ಲಿ ಗಾಳ ಬಿಡುವಂತಿಲ್ಲ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಏನು ಎಸೆದರೂ ಮೇಲೆ ಬಿದ್ದು ಕಚ್ಚುತ್ತವೆ. 'ಅದು ಹಸಿವಿಗಲ್ಲ ಕಣ್ಲಾ, ಕ್ವಾಪಕ್ಕೆ. ಅಂಥದ್ನ ಹಿಡೀಬಾರ್ದು' ಎನ್ನುತ್ತಿದ್ದ.

ಮುತ್ತತ್ತಿಗೆ ಅವನು ಮೊದಲು ಕರೆದೊಯ್ದಾಗ ನನಗೆ ಹದಿಮೂರೋ ಹದಿನಾಲ್ಕೋ. ಸೀತಾಮಾತೆಯ ಮೂಗುತಿಯ ಮುತ್ತು ಕಾವೇರಿಯಲ್ಲಿ ಬಿದ್ದಾಗ ಹನುಮಂತ ಬಾಲ ಇಳಿಬಿಟ್ಟು ಮಡುವನ್ನು ಜಾಲಾಡಿ ಮುತ್ತೆತ್ತಿದ ಕಥೆ ಅಲ್ಲಿಯದು. ಗುಡಿಯಲ್ಲಿ ಕೈಮುಗಿದು ಬಂದು ಮಾವ, 'ನಮ್ಗೆಲ್ಲ ಇವನೇ ಗುರು, ಎರೆ ಇಲ್ದೇ ಹಿಡ್ದೋನು' ಎಂದು ನಕ್ಕ. ಆಮೇಲೆ ಟವಲ್ಲಿನ ಗಂಟು ಬಿಚ್ಚಿ ತೆಗೆದದ್ದು ರಾಗಿಮುದ್ದೆ. ನಮ್ಮ ಬುತ್ತಿ ಎಂದುಕೊಂಡೆ. ಅದು ಬಿಳಿಮೀನಿನ ಬುತ್ತಿ.

ಬಿಳಿಮೀನು ಎಂದರೆ ಇಂಗ್ಲಿಷಿನವರು ಮಹಶೀರ್ ಎಂದು ಹಾಡಿ ಹೊಗಳುವ ಕಾವೇರಿಯ ರಾಜ. ದಡದ ಮರಗಳಿಂದ ಉದುರಿದ ಹಣ್ಣು ತಿನ್ನುತ್ತದೆ, ಏಡಿ ತಿನ್ನುತ್ತದೆ, ಬಸವನಹುಳುವನ್ನು ಚಿಪ್ಪು ಸಮೇತ ಗಂಟಲಿನ ಹಲ್ಲಿನಲ್ಲಿ ಪುಡಿ ಮಾಡುತ್ತದೆ. ಮಂಡ್ಯ ಸೀಮೆಯ ಮೀನಲ್ಲವೇ, ಮುದ್ದೆಯ ಮೇಲೂ ಆಸೆ. ಆದರೆ ಊಟದ ಮುದ್ದೆ ನಡೆಯದು. ಚಿಳ್ಳೆಪಿಳ್ಳೆ ಮೀನುಗಳು ಕಿತ್ತು ಮುಗಿಸುತ್ತವೆ. ಗಟ್ಟಿಯಾಗಿ ಮಿದ್ದು, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಮತ್ತೊಮ್ಮೆ ಕುದಿಯುವ ನೀರಿನಲ್ಲಿ ಬೇಯಿಸಬೇಕು. ದೊಡ್ಡ ಬಾಯಿಗೆ ಮಾತ್ರ ದಕ್ಕುವ ಮುದ್ದೆ ಅದು. ಮುಂದೆ ಮುತ್ತತ್ತಿಯ ಹತ್ತಿರದ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಗಾಳದ ಶಿಬಿರ ನಡೆದಾಗ, ಮಿನುಗುವ ಲೋಹದ ಚಮಚೆಗಳನ್ನು ಹೊತ್ತು ತಂದ ಪರದೇಶದವರೂ ಈ ಮುದ್ದೆಗೇ ಶರಣಾದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ರಾಗಿಯ ಮೂಟೆಯೊಂದು ಈಜಿದ ಹಾಗೆ!

ಈಗ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಪಿಯುಸಿ ಮುಗಿಸಿದ ವರ್ಷದ ಬೇಸಿಗೆ. ಗೆಳೆಯನೊಬ್ಬ ಕಲ್ಲು ಒಡೆಯುವ ಕಡೆಯಿಂದ ಎರಡು ತೋಟೆ ತಂದಿದ್ದ. ಶಿಂಷಾ ಬತ್ತಿ ಮಡುಗಳಷ್ಟೇ ಉಳಿದಿದ್ದವು. ಎಸೆದವನು ಅವನು, ಜಾಗ ತೋರಿಸಿದವನು ನಾನು. ಮೀನು ಎಲ್ಲಿ ತಂಗುತ್ತದೆ ಎಂದು ನಮ್ಮ ಗುಂಪಿನಲ್ಲಿ ನನ್ನಷ್ಟು ಬಲ್ಲವರಿರಲಿಲ್ಲ. ಮಾವ ಕಲಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ನೀರು ಒಮ್ಮೆ ಉಬ್ಬಿ ಕೂತಿತು. ಬೆಳ್ಳಗೆ ಹೊಟ್ಟೆ ಮೇಲಾಗಿ ಮೀನು ತೇಲತೊಡಗಿದವು. ಬುಟ್ಟಿ ತುಂಬಿಕೊಂಡೆವು. ತುಂಬಿಕೊಂಡದ್ದಕ್ಕಿಂತ ಬಿಟ್ಟು ಬಂದದ್ದು ಹೆಚ್ಚು: ಬೆರಳಿಗಿಂತ ಸಣ್ಣ ಮರಿಗಳು. ಒಳಗಿನ ಗಾಳಿಚೀಲ ಒಡೆದು ತಳ ಸೇರಿದ್ದು ಇನ್ನೆಷ್ಟೋ. ಯಾವ ಮೀನಿಗೆ ಏನು ಬೇಕು ಎಂದು ಆ ಹೊತ್ತು ಯಾರೂ ಯೋಚಿಸಬೇಕಾಗಿರಲಿಲ್ಲ.

ಎರಡು ಮೀನು ತೆಗೆದುಕೊಂಡು ಮಾವನ ಮನೆಗೆ ಹೋದೆ. ಅವನು ಒಂದನ್ನು ಕೈಗೆತ್ತಿಕೊಂಡು ತುಟಿ ಬಿಡಿಸಿ ನೋಡಿದ. ಕೊಕ್ಕೆಯ ಗುರುತಿರಲಿಲ್ಲ. ಬೈಯಲಿಲ್ಲ. 'ಇದನ್ನ ನೀನು ಕೇಳ್ಲೇ ಇಲ್ವಲ್ಲೋ' ಎಂದ. ಮೀನು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದ. ಆಮೇಲೆ ಮೂರು ವರ್ಷ ನನ್ನನ್ನು ಹೊಳೆಗೆ ಕರೆಯಲಿಲ್ಲ. ನಾಲ್ಕನೆಯ ವರ್ಷ ತಾನಾಗಿ ಬಂದು 'ರಾಗಿಹಿಟ್ಟು ಐತಾ?' ಎಂದು ಕೇಳಿದ ದಿನ ನನ್ನ ಕಣ್ಣು ತುಂಬಿ ಬಂದಿತ್ತು.

1987ರಲ್ಲಿ ಆ ಕಾಡು, ಹೊಳೆ ಎಲ್ಲ ಕಾವೇರಿ ವನ್ಯಧಾಮವಾಯಿತು. ಹಿಡಿದು ತೂಕ ಮಾಡಿ ಮತ್ತೆ ನೀರಿಗೆ ಬಿಡುವ ಶಿಬಿರಗಳು ನಡೆದವು. 2012ರ ಹೊತ್ತಿಗೆ ವನ್ಯಜೀವಿ ಕಾಯಿದೆಯಂತೆ ಅವೂ ನಿಂತವು. ಕೆಳಗಿನ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಒಂದು ಸಂಗತಿ ಹೊರಬಿತ್ತು. ಮೀನಿನ ಒಟ್ಟು ಎಣಿಕೆ ಏರಿತ್ತು. ಕಾವೇರಿಯ ಮೂಲನಿವಾಸಿಯಾದ ಗೂನುಬೆನ್ನಿನ ಬಿಳಿಮೀನು ಮಾತ್ರ ಇಳಿಯುತ್ತ ಬಂದಿತ್ತು. ಹೊಳೆಗೆ ಒಳ್ಳೆಯದಾಗಲೆಂದು 1970ರ ದಶಕದಿಂದ ಹೊರಗಿನಿಂದ, ಲೋನಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದಿತ್ತು. ಜಗತ್ತಿಗೆಲ್ಲ ಹೆಸರಾಗಿದ್ದ ಗೂನುಬೆನ್ನಿನ ಮೀನಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ತೋಟೆ ಎಸೆದವರು ಕೇಳಲಿಲ್ಲ ಸರಿ. ಮರಿ ತಂದು ಬಿಟ್ಟವರಿಗೂ ಹೊಳೆಯನ್ನು ಕೇಳಬೇಕೆಂದು ತೋಚಲಿಲ್ಲ. ಲೆಕ್ಕ ಬರೆದಿಟ್ಟದ್ದು ನಾವು ಸೋಮಾರಿಗಳು ಎನ್ನುವ ಗಾಳದವರೇ.

ಮಾವ ತೀರಿಹೋಗಿ ಬಹಳ ವರ್ಷಗಳಾದವು. ಮುತ್ತತ್ತಿಗೆ ಈಗ ಗುಡಿಗಷ್ಟೇ ಹೋಗುತ್ತೇನೆ. ಗಾಳ ಹಾಕುವುದು ಕೆರೆಯಲ್ಲಿ. ಅಲ್ಲಿ ಸಿಗುವುದು ಹೆಚ್ಚಾಗಿ ಜಿಲೇಬಿ ಮೀನು. ಅದು ಏನು ಕೊಟ್ಟರೂ ತಿನ್ನುತ್ತದೆ, ಎರೆ ಆರಿಸುವ ಕಷ್ಟವನ್ನೇ ಕೊಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮೊಮ್ಮಗ ಬೆಂಗಳೂರಿನಿಂದ ರಬ್ಬರಿನ ಕಪ್ಪೆ ತಂದಿದ್ದ. ಕಣ್ಣು, ಕಾಲು ಎಲ್ಲ ಇತ್ತು. ಜೊಂಡಿನ ಅಂಚಿನಲ್ಲಿ ಕುಣಿಸಿದೆವು. ಎರಡನೆಯ ಎಸೆತಕ್ಕೆ ಸ್ವಲ್ಪ ದೂರದಲ್ಲಿ ನೀರು ಪುಳಪುಳ ಅಂದಿತು, ಕೆಂಪು ಮರಿಗಳು. ದಾರ ಸುತ್ತಿಕೋ ಎಂದೆ. ಯಾಕೆ ತಾತ ಎಂದು ಕೇಳಿದ. ಕೊರವನ ಕಥೆ ಹೇಳಿದೆ, ಮಾವನ ಕಥೆ ಹೇಳಿದೆ, ಬಿಳಿಮೀನು ಎಷ್ಟು ದೊಡ್ಡದು ಎಂದು ಕೈ ಚಾಚಿ ತೋರಿಸಿದೆ.

ತೋಟೆಯ ಕಥೆ ಹೇಳಲು ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ದೊಡ್ಡವನಾದ ಮೇಲೆ ಓದಿಕೊಳ್ಳಲಿ.